ಗೃಹಪ್ರವೇಶಕ್ಕೆ ಒಂದು ಇಂಗ್ಲಿಷ್ ಪ್ಲೇಟು

ಮೊನ್ನೆ ಬೆಳಿಗ್ಗೆ ಅವರೆಕಾಯಿ ಸುಲಿಯುತ್ತ ಕೂತಿದ್ದೆ. ಆ ಕೆಲಸಕ್ಕೆ ಕೈ ಸಾಕು, ತಲೆ ಬೇಕಿಲ್ಲ. ತಲೆಗೂ ಏನಾದರೂ ಇರಲಿ ಎಂದು ಫೋನಿನಲ್ಲಿ ಹಳೆಯ ಹಾಡು ಹಾಕಿಕೊಂಡಿದ್ದೆ. ಈ ಫೋನಿಗೊಂದು ಕೆಟ್ಟ ಚಾಳಿ, ನಿಮಗೂ ಗೊತ್ತಿರುತ್ತದೆ. ನಾವು ಕೇಳಿದ್ದು ಮುಗಿದ ಮೇಲೆ ಸುಮ್ಮನಿರುವುದಿಲ್ಲ, ತನಗೆ ತೋಚಿದ್ದನ್ನು ಹಾಕಿಕೊಂಡು ಹೋಗುತ್ತದೆ. ಹಿಂದಿನ ದಿನ ಪಕ್ಕದ ಮನೆಯ ಹುಡುಗಿ ಅದರಲ್ಲೇ ಇಂಗ್ಲಿಷ್ ಹಾಡು ಕೇಳಿದ್ದಳು. ಅದರ ಗುಂಗು ಫೋನಿಗೆ ಇನ್ನೂ ಇಳಿದಿರಲಿಲ್ಲವೋ ಏನೋ, ಭಾವಗೀತೆ ಮುಗಿದದ್ದೇ ಒಂದು ಆರ್ಗನ್ ಶುರುವಾಯಿತು. ತಗ್ಗಿನ ಒಂದೇ ಸ್ವರ, ಬಿಡದೆ, ಯಾರೋ ಉಸಿರು ಹಿಡಿದು ನಿಂತ ಹಾಗೆ. ಅದರ ಹಿಂದೆ ಡ್ರಮ್ಮು, ಟಕ್ ಟಕ್ ಟಕ್.

ನನ್ನ ಕೈ ನಿಂತಿತು. ನಲವತ್ತು ವರ್ಷದ ಮೇಲೆ ಕೇಳಿದ್ದರೂ ಗುರುತು ಸಿಗುವುದಕ್ಕೆ ಅರ್ಧ ನಿಮಿಷವೂ ಬೇಕಾಗಲಿಲ್ಲ. ನನ್ನ ಮಾವನ ಊಟದ ಹಾಡು ಅದು.

ಮಾವ ಎಂದರೆ ಗಂಡನ ಅಪ್ಪ. ಚಿಕ್ಕರಸಿನಕೆರೆಯಲ್ಲಿ ಮೈಕ್ ಸೆಟ್ ಇಟ್ಟಿದ್ದರು. ಎರಡು ಹಾರ್ನು, ಒಂದು ಆಂಪ್ಲಿಫಯರ್, ಒಂದು ಪ್ಲೇಯರ್, ಟ್ರಂಕಿನ ತುಂಬ ಪ್ಲೇಟು. ರೆಕಾರ್ಡಿಗೆ ಆಗ ನಮ್ಮ ಕಡೆ ಪ್ಲೇಟು ಅಂತಲೇ ಹೆಸರು. ಮದ್ದೂರು, ಮಳವಳ್ಳಿ ಕಡೆಯ ಮದುವೆಗಳಿಗೆಲ್ಲ ಇಷ್ಟನ್ನೂ ಬಸ್ಸಿನ ಟಾಪಿಗೆ ಏರಿಸಿಕೊಂಡು ಹೋಗುತ್ತಿದ್ದರು. ಬೆಳಗಾಗುತ್ತಲೇ ಮರಕ್ಕೆ ಹಾರ್ನು ಕಟ್ಟಿ ದೇವರ ಹಾಡು ಹಾಕಿದರೆ ಸುತ್ತಲ ನಾಲ್ಕು ಊರಿಗೆ ಮದುವೆ ಶುರುವಾಯಿತೆಂದು ಅರ್ಥ.

ಈ ಕೆಲಸದಲ್ಲಿ ಒಂದು ಕಷ್ಟವಿತ್ತು. ಒಂದು ಹಾಡು ಮೂರು ನಿಮಿಷ. ಮೂರು ನಿಮಿಷಕ್ಕೊಮ್ಮೆ ಎದ್ದು ಪ್ಲೇಟು ತಿರುವಬೇಕು, ಇಲ್ಲದಿದ್ದರೆ ‘ಮೈಕ್‌ನೋನು ಎಲ್ಲೋದ್ನಲಾ’ ಎಂದು ಕೂಗು. ಹಾಗಾಗಿ ಮೈಕಿನವರು ಪಂಕ್ತಿಯಲ್ಲಿ ಕೂತು ನೆಟ್ಟಗೆ ಊಟ ಮಾಡಿದ್ದೇ ಇಲ್ಲ. ಸಾವಿರಾರು ಮದುವೆ ಮಾಡಿಸಿದ ಮನುಷ್ಯ, ಒಂದು ಮದುವೆಯ ಊಟವನ್ನೂ ಎಲೆಯ ಈ ತುದಿಯಿಂದ ಆ ತುದಿಯವರೆಗೆ ಉಂಡವರಲ್ಲ.

ಹೀಗಿರುವಾಗ ಮೈಸೂರಿನಲ್ಲಿ ಯಾರೋ ಮನೆ ಖಾಲಿ ಮಾಡುತ್ತಿದ್ದರೆಂದು ಅವರ ಹಳೆಯ ಆಂಪ್ಲಿಫಯರ್ ತಂದರು. ಅದರ ಜೊತೆಗೆ ಬೇಡದ ಸಾಮಾನಿನಂತೆ ಬಂದದ್ದು ಈ ದೊಡ್ಡ ಪ್ಲೇಟು. ಅರವತ್ತರ ದಶಕದ ಕೊನೆಯಲ್ಲಿ ಇಂಗ್ಲೆಂಡಿನ ಐದು ಜನ ಹುಡುಗರು ಮಾಡಿದ್ದು. ಒಂದು ಮಗ್ಗುಲಲ್ಲಿ ಬಿಡಿ ಬಿಡಿ ಹಾಡು. ಇನ್ನೊಂದು ಮಗ್ಗುಲಲ್ಲಿ ಪೂರ್ತಿ ಒಂದೇ ಹಾಡು, ಹತ್ತಿರ ಹತ್ತಿರ ಇಪ್ಪತ್ತು ನಿಮಿಷ. ಮಾವ ಬಂಡೂರಿನ ಒಂದು ಬೀಗರೂಟದಲ್ಲಿ ಅದನ್ನು ಹಾಕಿ, ಮೊದಲ ಬಾರಿಗೆ ಎಲೆಯ ಮುಂದೆ ಚಕ್ಕಳಮಕ್ಕಳ ಹಾಕಿ ಕೂತರಂತೆ. ಊರಿಗೆ ಊರೇ ಮುದ್ದೆ ಮುರಿಯುವುದನ್ನು ಬಿಟ್ಟು ಹಾರ್ನಿನ ಕಡೆ ನೋಡಿತಂತೆ.

“ಏನ್ಲಾ ಇದು, ಮಿಸಿನ್ನು ಕೆಟ್ಟೋಯ್ತಾ?”

“ಕೆಟ್ಟಿಲ್ಲ ಕಣ್ಲಾ. ಇದು ಇರಾದೇ ಇಂಗೆ. ಆ ಕಡೆಯಿಂದ ಇನ್ನೆರಡು ಮೂಳೆ ಆಕ್ಸು.”

ಹೊಟ್ಟೆಪಾಡಿಗೆ ಶುರುವಾದದ್ದು ಆಮೇಲೆ ಹುಚ್ಚಾಯಿತು. ನಾನು ಮಂಡ್ಯದಿಂದ ಸೊಸೆಯಾಗಿ ಹೋಗುವ ಹೊತ್ತಿಗೆ ಮಾವ ಅದನ್ನು ಕೆಲಸವಿಲ್ಲದ ಮಧ್ಯಾಹ್ನಗಳಲ್ಲೂ ಜಗಲಿಯ ಮೇಲೆ ಕೂತು ಕೇಳುತ್ತಿದ್ದರು. ಎರಡನೇ ಮುದ್ದೆಗೆ ಡ್ರಮ್ಮು ಜೋರಾಗುತ್ತದೆ, ಮಜ್ಜಿಗೆ ಅನ್ನದ ಹೊತ್ತಿಗೆ ಕೊಳಲು ಬರುತ್ತದೆ ಎಂದು ಅವರಿಗೆ ಲೆಕ್ಕ. “ಮೊದ್ಲು ಬಂದ ರಾಗ್ವೆ ಕೊನೇಲೂ ಬತ್ತದೆ ಕಣವ್ವ. ಆದ್ರೆ ಒಸ ಬಟ್ಟೆ ಆಕ್ಕಂಡ್ ಬತ್ತದೆ” ಎಂದು ನನಗೆ ಹೇಳುತ್ತಿದ್ದರು. ಇಂಗ್ಲಿಷಿನ ಒಂದಕ್ಷರ ಬರದವರು, ಸಂಗೀತ ಕಲಿತವರೂ ಅಲ್ಲ.

ಇಂಗ್ಲಿಷ್ ಬರುತ್ತಿದ್ದವಳು ನಾನು. ಬರುತ್ತದೆ ಎಂದು ಎಲ್ಲರೂ ನಂಬಿದ್ದರು ಎನ್ನುವುದು ಹೆಚ್ಚು ಸರಿ. ಪಿಯುಸಿ ಪಾಸಾಗಿದ್ದೆ, ಅಷ್ಟೇ. ಮಾವ ಸಿಕ್ಕಸಿಕ್ಕವರ ಮುಂದೆ “ನಮ್ಮ ಸೊಸೆ ಇಂಗ್ಲೀಸು ಓದವ್ಳೆ” ಎನ್ನುತ್ತಿದ್ದರು. ಮದುವೆಯಾಗಿ ತಿಂಗಳಾಗಿರಲಿಲ್ಲ, ಒಂದು ಮಧ್ಯಾಹ್ನ ಕೇಳಿಯೇಬಿಟ್ಟರು.

“ಏನಂತಾವ್ನೆ ಅವ್ವ ಇವ್ನು?”

ನನಗೆ ಒಂದು ಮಾತೂ ತಿಳಿದಿರಲಿಲ್ಲ. ಹಾಡುವವನ ಬಾಯಲ್ಲಿ ಅವರೆಕಾಳು ಇದ್ದಂತಿತ್ತು. ನಾನು ಉತ್ತರ ತಪ್ಪಿಸಿಕೊಳ್ಳಲು ಪ್ಲೇಟಿನ ಕವರು ನೋಡಿದೆ. ಬಟಾಬಯಲು ಹೊಲ, ನಡುವೆ ಒಂದು ಬಾಗಿಲು ಚೌಕಟ್ಟು ಸಮೇತ ನಿಂತಿದೆ. ಗೋಡೆಯಿಲ್ಲ, ಸೂರಿಲ್ಲ. ಮಾವನೂ ಅದನ್ನೇ ನೋಡಿ ತಾವಾಗಿಯೇ ಹೇಳಿದರು: “ಬಾಗ್ಲು ನಿಲ್ಸವ್ರೆ. ಪೂಜೆ ಮಾಡಿ ಇನ್ನು ಗೋಡೆ ಎತ್ತಾರು, ಅಲ್ವಾ?” ನಮ್ಮಲ್ಲಿ ಮನೆ ಕಟ್ಟುವಾಗ ಮೊದಲು ಮುಂಬಾಗಿಲು ನಿಲ್ಲಿಸಿ ಪೂಜೆ ಮಾಡುವುದಲ್ಲವೇ, ಅವರಿಗೆ ಬೇರೆ ಏನು ಕಾಣಬೇಕು?

“ಹೂಂ ಮಾವ, ಮನೆ ಕಟ್ಟೋ ಹಾಡು” ಎಂದೆ. ಎಷ್ಟು ಸಲೀಸಾಗಿ ಎಂದೆನೆಂದರೆ, ನನಗೇ ನಿಜ ಅನ್ನಿಸಿತು.

ಅಂದಿನಿಂದ ಆ ಇಂಗ್ಲಿಷ್ ಪ್ಲೇಟಿಗೆ ಬಡ್ತಿ ಸಿಕ್ಕಿತು. ಗೃಹಪ್ರವೇಶಗಳಲ್ಲಿ ಹಸು ಕರು ಒಳಗೆ ಹೋಗುವಾಗ ಮಾವ ಅದನ್ನು ಹಾಕತೊಡಗಿದರು. “ಮನೆ ಕಟ್ಟೋ ಹಾಡು, ಸೊಸೆ ಏಳವ್ಳೆ.” ಜನ ಒಪ್ಪಿಕೊಂಡರು. ನಾನೂ ಜಗಲಿಯಲ್ಲಿ ಅವರ ಜೊತೆ ಕೂತು ಕೇಳುತ್ತಿದ್ದೆ, ಆದರೆ ಮಾತಿಗಾಗಿ ಮಾತ್ರ ಕಿವಿ ಕೊಟ್ಟು. ಹಾಡುವವನ ಮಾತು ಮುಗಿದ ಕೂಡಲೇ ಹಾಡೇ ಮುಗಿಯಿತೆಂದು ಸೆರಗು ಕೊಡವಿ ಏಳುತ್ತಿದ್ದೆ. “ಕೂತ್ಕೊ ಕಣವ್ವ, ಇನ್ನೂ ಅದೆ” ಎನ್ನುತ್ತಿದ್ದರು ಮಾವ. ನನಗೆ ಒಲೆಯ ಮೇಲೆ ಸಾರು ಇರುತ್ತಿತ್ತು.

ಆಮೇಲೆ ನನ್ನ ಗಂಡನಿಗೆ ಮಂಡ್ಯದಲ್ಲಿ ಗುಮಾಸ್ತೆ ಕೆಲಸವಾಗಿ, ಅಲ್ಲೇ ಗುತ್ತಲಿನಲ್ಲಿ ಈ ಮನೆ ಕಟ್ಟಿಸಿದೆವು. ಗೃಹಪ್ರವೇಶಕ್ಕೆ ನಾಲ್ಕು ದಿನವಿರುವಾಗ ಊರಿನ ಮನೆಯಲ್ಲಿ ಮಾವನ ಪ್ಲೇಟುಗಳ ಧೂಳು ಒರೆಸಿ ಕೊಡುತ್ತಿದ್ದೆ. ಆ ದೊಡ್ಡ ಕವರಿನೊಳಗೆ ಒಂದು ಕಾಗದ ಅಂಟಿಕೊಂಡಿತ್ತು. ಬಿಡಿಸಿ ನೋಡಿದರೆ ಹಾಡಿನ ಮಾತೆಲ್ಲ ಅಚ್ಚಾಗಿದೆ. ಗಂಡನ ಡಿಕ್ಷನರಿ ಇಟ್ಟುಕೊಂಡು ಓದಿದೆ. ಎಲ್ಲರೂ ಬಿಟ್ಟುಹೋದ ಮನೆಯ ಹಾಡು ಅದು. ಗೋಡೆ ಬಿದ್ದಿವೆ, ಕೂಗಿದರೆ ಓಗೊಡುವವರಿಲ್ಲ, ಬಾಗಿಲೊಂದೇ ಉಳಿದಿದೆ.

ಇದನ್ನು ಎಷ್ಟು ಜನರ ಹೊಸ ಮನೆಯ ಮುಂದೆ ಹಾಕಿಸಿದೆನಪ್ಪ ಎಂದು ಒಂದೊಂದೇ ಮನೆ ನೆನೆಸಿಕೊಂಡೆ. ಯಾರಿಗೂ ಏನೂ ಆಗಿರಲಿಲ್ಲ. ಒಂದು ಮನೆಯಲ್ಲಂತೂ ಅವಳಿ ಜವಳಿ ಹುಟ್ಟಿದ್ದವು. ಆದರೂ ನನ್ನ ಮನೆ ಎಂದಾಗ ಧೈರ್ಯ ಬರಲಿಲ್ಲ. ಮಾವನಿಗೆ ನಿಜ ಹೇಳಬಹುದಿತ್ತು. ಹೇಳಿದರೆ ಇಂಗ್ಲಿಷ್ ಓದಿದ ಸೊಸೆ ಎಲ್ಲಿಗೆ ಹೋಗಬೇಕು? ಪ್ಲೇಟು ತೆಗೆದು ರಾಗಿ ಮೂಟೆಗಳ ಕೆಳಗೆ ಬಚ್ಚಿಟ್ಟೆ. ಗೃಹಪ್ರವೇಶ ಕಳೆದ ಮೇಲೆ ಟ್ರಂಕಿಗೆ ವಾಪಸ್ ಇಟ್ಟರಾಯಿತು ಎಂದುಕೊಂಡೆ.

ಆ ದಿನ ಮಾವ ಎದುರಿನ ಹೊಂಗೆ ಮರಕ್ಕೆ ಹಾರ್ನು ಕಟ್ಟಿ, ಹೊಸ ಪಂಚೆಯುಟ್ಟು, ಟ್ರಂಕು ತೆರೆದರು. ಮೂರು ಸಲ ಹುಡುಕಿದರು. ಹಸು ಬಾಗಿಲಿಗೆ ಬಂದು ನಿಂತಿತ್ತು. “ಎಲ್ಲೋಯ್ತವ್ವ?” ಎಂದು ನನ್ನನ್ನೇ ಕೇಳಿದರು. “ಗೊತ್ತಿಲ್ಲ ಮಾವ” ಎಂದೆ. ಕೊನೆಗೆ ನಾಗಸ್ವರದ ಪ್ಲೇಟು ಹಾಕಿದರು. ಮೂರು ಮೂರು ನಿಮಿಷಕ್ಕೆ ಎದ್ದೂ ಎದ್ದೂ ತಿರುವುತ್ತ, ಮಗನ ಮನೆಯ ಊಟವನ್ನೂ ಸರಿಯಾಗಿ ಉಣ್ಣಲಿಲ್ಲ. ಹೊರಡುವಾಗ ನನ್ನ ಹತ್ತಿರ ಬಂದು ಮೆಲ್ಲಗೆ ಹೇಳಿದರು: “ಎಲ್ಲೋ ಬಸ್ನಲ್ಲಿ ಬುಟ್ಬುಟ್ಟೆ ಅಂತ ಕಾಣ್ತದೆ. ನಿನ್ ಮನೆ ಹಾಡ ನಾನೇ ಕಳ್ದೆ ಕಣವ್ವ. ಬೇಜಾರು ಮಾಡ್ಕಬ್ಯಾಡ.”

ಆಗಲಾದರೂ ಹೇಳಬೇಕಿತ್ತು. ಮುಂದಿನ ವಾರ ಊರಿಗೆ ಹೋಗಿ ಮೂಟೆ ಸರಿಸಿದರೆ ಪ್ಲೇಟು ಹಸಿ ರೊಟ್ಟಿಯ ಹಾಗೆ ಡೊಂಕಾಗಿತ್ತು. ತಿಪ್ಪೆಯಲ್ಲಿ ಹೂತುಬಿಟ್ಟೆ. ಕ್ಯಾಸೆಟ್ಟು ಬಂದು ಮೈಕ್ ಸೆಟ್ಟುಗಳು ಮೂಲೆಗೆ ಸೇರಿದವು, ಮಾವನೂ ಹೋದರು. ಕೊನೆಯವರೆಗೂ ಮುದ್ದೆ ಮುರಿಯುವಾಗ ಆ ಆರ್ಗನ್ನಿನ ರಾಗವನ್ನು ಮೂಗಿನಲ್ಲೇ ಗುನುಗುತ್ತಿದ್ದರು. ನಾನು ತಲೆ ತಗ್ಗಿಸಿ ಬಡಿಸುತ್ತಿದ್ದೆ.

ಅವರೆಕಾಯಿಯ ಮುಂದೆ ಕೂತು ಇದೆಲ್ಲ ನೆನೆಯುವಷ್ಟರಲ್ಲಿ ಫೋನಿನಲ್ಲಿ ಮಾತು ಮುಗಿಯಿತು. ಕೈಯೆಲ್ಲ ಸೊಗಡು, ಫೋನು ಮುಟ್ಟಿ ನಿಲ್ಲಿಸಲಾಗಲಿಲ್ಲ. ಹಾಗಾಗಿ ಮೊದಲ ಬಾರಿಗೆ ಮುಂದಿನದನ್ನು ಕೇಳಿದೆ. ಆರೇಳು ನಿಮಿಷ, ಒಂದು ಮಾತೂ ಇಲ್ಲ. ಡ್ರಮ್ಮು ಮತ್ತೆ ಟಕ್ ಟಕ್ ಎಂದು ಶುರುವಾಗುತ್ತದೆ. ಅದರ ಮೇಲೆ ಗಿಟಾರು, ಅದರ ಮೇಲೆ ಕೊಳಲು, ಒಂದರ ಮೇಲೊಂದು ಏರುತ್ತವೆ. ಮೊದಲಿನ ಆ ಬಡ ರಾಗ ಸಂಭ್ರಮ ಪಡುತ್ತ ವಾಪಸ್ ಬರುತ್ತದೆ. ಬಿದ್ದ ಮನೆಯನ್ನು ಅವರು ಮತ್ತೆ ಎತ್ತುತ್ತಿದ್ದರು. ನಾನು ಕಾಗದ ಓದಿದ್ದೆ. ಹಾಡು ಕೇಳಿದವರು ಮಾವ. ಮೂರು ನಿಮಿಷದ ಹಾಡಿನಲ್ಲಿ ಉಸಿರುಕಟ್ಟಿ ಆ ಹುಡುಗರು ಇಷ್ಟು ಉದ್ದಕ್ಕೆ ಕೈ ಹಾಕಿದ್ದರೆಂದು ಅದೇ ಕಾಗದದಲ್ಲಿತ್ತು. ಮೂರು ನಿಮಿಷದ ಹಾಡಿನಿಂದ ಬೇಸತ್ತಿದ್ದ ಇನ್ನೊಬ್ಬರು ನಮ್ಮ ಮನೆಯಲ್ಲೇ ಇದ್ದರು. ಒಬ್ಬರ ಕಷ್ಟ ಇನ್ನೊಬ್ಬರಿಗೆ ಅರ್ಥವಾಗಿತ್ತು.

ಪೇಪರು ಓದುತ್ತಿದ್ದ ಗಂಡನನ್ನು ಕರೆದು ಎಲ್ಲವನ್ನೂ ಹೇಳಿದೆ. ರಾಗಿ ಮೂಟೆ, ತಿಪ್ಪೆ, ಎಲ್ಲ. ನಗುತ್ತಾರೆಂದುಕೊಂಡಿದ್ದೆ.

“ನಮ್ಮಪ್ಪ ಬಸ್‌ಸ್ಟ್ಯಾಂಡ್‌ಗೆ ಓಗಿ ಒಂದೊಂದ್ ಬಸ್ಸೂ ತಡ್ದು ಕೇಳ್ದ ಕಣಮ್ಮಿ” ಎಂದರು. ಅಷ್ಟೇ ಹೇಳಿ ಕಿಟಕಿಯ ಕಡೆ ನೋಡಿದರು. ನನಗೆ ಅಳು ಬಂತು. ಅತ್ತುಬಿಟ್ಟೆ.

ಆಮೇಲೆ ಎದ್ದು ಕೈ ತೊಳೆದು, ಮುಂಬಾಗಿಲನ್ನು ಪೂರ್ತಿ ತೆರೆದೆ. ಹೊಸಿಲಿನ ಮೇಲೆ ಸ್ಟೀಲಿನ ತಪ್ಪಲೆ ಇಟ್ಟು, ಅದರೊಳಗೆ ಫೋನು ಇಟ್ಟೆ. ಹಾಗೆ ಇಟ್ಟರೆ ಸದ್ದು ಬೀದಿಗೂ ಕೇಳಿಸುತ್ತದೆ. ಹಾಡು ಮೊದಲಿನಿಂದ ಹಾಕಿದೆ. ಪಕ್ಕದ ಮನೆಯಾಕೆ ಕಾಂಪೌಂಡಿನ ಮೇಲಿಂದ ಇಣುಕಿದಳು.

“ಏನಕ್ಕ, ಏನಿವತ್ತು ಇಸೇಸ?”

“ಗೃಹಪ್ರವೇಶ ಕಣಮ್ಮ” ಎಂದೆ.

ಗಂಡ ಬಂದು ನನ್ನ ಪಕ್ಕ ಮೆಟ್ಟಿಲ ಮೇಲೆ ಕೂತರು. ಹಾಡುವವನ ಮಾತು ಮುಗಿಯಿತು, ಅವರು ಮೊಣಕಾಲಿಗೆ ಕೈಯೂರಿ ಏಳಹೊರಟರು. ನಾನು ಅವರ ಅಂಗಿಯ ತುದಿ ಹಿಡಿದು ಜಗ್ಗಿದೆ.

“ಕೂತ್ಕಳಿ, ಇನ್ನೂ ಅದೆ.”