ಸಮುದ್ರ ಇಳದಾಗ ಅತ್ತಿ ಅಂದ ಮಾತು

ನಮ್ಮ ಮನ್ಯಾಗ ಒಂದು ರೂಢಿ ಐತಿ. ಒಳಗಿನವರ ಕೂಡ ಕನ್ನಡ, ಹೊರಗಿನವರ ಕೂಡ ತೆಲುಗು. ಲಿಫ್ಟಿನ್ಯಾಗ ತೆಲುಗು, ತರಕಾರಿ ಗಾಡಿ ಹತ್ರ ತೆಲುಗು, ಚಪ್ಪಲಿ ಬಿಟ್ಟು ಒಳಗ ಬಂದ್ರ ಕನ್ನಡ. ಯಾರೂ ಕಲಿಸಿದ್ದಲ್ಲ, ಬಾಗಲಾ ದಾಟಿದ ಕೂಡ್ಲೆ ನಾಲಿಗಿ ತಾನ ಹೊಳ್ಳತೈತಿ. ಅದಕ್ಕ ನೋಡ್ರಿ, ಅಪ್ಪ ತನ್ನ ಸ್ವಂತ ಅಕ್ಕನ ಕೂಡ ತೆಲುಗು ಮಾತಾಡಾಕ ಶುರು ಮಾಡಿದಾಗ, ಹಂಗಂದ್ರೇನು ಅಂತ ನಮಗ ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ.

ಆಗಿದ್ದು ಇಷ್ಟ. ಸಿಕಂದರಾಬಾದಿನ್ಯಾಗ ನಮ್ಮತ್ತಿ, ಅಂದ್ರ ಅಪ್ಪನ ಆ ಅಕ್ಕನ ಮಗಳ ಮದುವಿ. ನಮ್ಮ ಕಡೆ ಹುಡುಗಿ ಕೈ ಹಿಡದು ಮಂಟಪಕ್ಕ ಕರಕೊಂಡು ಬರಾಂವ ಸೋದರಮಾವ, ಅಂದ್ರ ನಮ್ಮಪ್ಪ. ಹೈದರಾಬಾದಿನ ಈ ತುದ್ಯಾಗಿನ ನಮ್ಮ ಮಣಿಕೊಂಡದಿಂದ ಟೈಮಿಗೇ ಬಿಟ್ಟಿದ್ವಿ, ದಾರ್ಯಾಗ ಟ್ರಾಫಿಕ್ ಹಿಡೀತು. ಅಲ್ಲಿ ಮುಹೂರ್ತ ಮೀರಾಕತ್ತಿತ್ತು. ಕಡೀಕ ಹುಡುಗಿ ಕೈ ಹಿಡದು ಆಕಿ ಕಾಕಾ ಕರಕೊಂಡು ಬಂದ. ಅಪ್ಪ ಹೊಸಾ ಧೋತರ ಉಟಗೊಂಡು ಕಲ್ಯಾಣ ಮಂಟಪದ ಬಾಗಲಾಗ ನಿಂತು ನೋಡಿದ. ಅಕ್ಷತಿ ಹಾಕಿದ, ಉಣಲಾರದ ಹೊಳ್ಳಿ ಬಂದ. ಮರುದಿನ ಅತ್ತಿ ಫೋನ್ ಮಾಡಿದ್ರ, "ಚೆಪ್ಪಂಡಿ" ಅಂದ. ಹೇಳ್ರಿ ಅಂತ. ಕೊರಿಯರ್ ಹುಡುಗಗ ಅಂತೀವಲ್ಲ, ಹಂಗ. ಅತ್ತೀನೂ ಏನು ಕಡಿಮಿ ಹಟದಾಕಿ ಅಲ್ಲ, ಆಕೀನೂ ತೆಲುಗಿನ್ಯಾಗ ಶುರು ಮಾಡಿದ್ಲು. ಆಮ್ಯಾಲೆ ಹಬ್ಬಕ್ಕ ಭೆಟ್ಟಿ ಆದ್ರೂ ಇಬ್ರೂ ಬಸ್ಸಿನ್ಯಾಗ ಬಾಜೂ ಕುಂತ ಅಪರಿಚಿತರಂಗ, ಭಾಳ ಮರ್ಯಾದಿಲೆ, ತೆಲುಗು.

ಇದನ್ನ ಮುರೀಬೇಕು ಅಂತ ನಾನೂ ಅತ್ತಿ ಮಗಳೂ ಕೂಡಿ ಅಂಡಮಾನ್ ಪ್ಲಾನ್ ಹಾಕಿದ್ವಿ. ಖರೇ ಹೇಳ್ತೀನಿ, ನಾ ಸಮುದ್ರದ ಹುಚ್ಚ. ಹೈದರಾಬಾದಿನ್ಯಾಗ ಹುಟ್ಟಿದಾಂವ, ಕೆರಿ ಬಿಟ್ರ ಬ್ಯಾರೆ ನೀರು ಕಂಡಿಲ್ಲ. ಆದ್ರೂ ಫೋನಿನ್ಯಾಗ ವಿಡಿಯೋ ನೋಡಿ ನೋಡಿ ಸಮುದ್ರ ಯಾವಾಗ ಏರ್ತೈತಿ, ಯಾವಾಗ ಇಳೀತೈತಿ, ಯಾವ ಏಡಿ ಎಲ್ಲಿ ಅಡಗತೈತಿ, ಎಲ್ಲಾ ನಾನ ಕಲ್ತೀನಿ. ಅವ್ವ ನಕ್ಕಳು. "ಒಂದ ಊರಾಗ ಇದ್ದವರು ಭೆಟ್ಟಿ ಆಗಾಕ ಸಮುದ್ರ ದಾಟಬೇಕಾತಲ್ಲೋ!"

ಅತ್ತಿ ಒಂದು ಸ್ಟೀಲ್ ಡಬ್ಬಿ ತುಂಬ ಕಡಕ್ ರೊಟ್ಟಿ ಬಡದು ತಂದಿದ್ಲು. ಅಪ್ಪಗ ಅಂತ ಅನ್ನಲಿಲ್ಲ, ಆದ್ರ ಎಳ್ಳು ಹಚ್ಚಿದ್ದು, ಅಪ್ಪಗ ಸೇರೂವಂಥದ್ದ. ನಮ್ಮ ಒಣ ಹವಾದಾಗ ತಿಂಗಳಗಟ್ಟಲೆ ಕಟಂ ಕಟಂ ಅನ್ನೂ ರೊಟ್ಟಿ, ಆ ದ್ವೀಪದಾಗ ಡಬ್ಬಿ ತಗದು ಮಾತಾಡೂದ್ರಾಗ ಒದ್ದಿ ಕರವಸ್ತ್ರ ಆದ್ವು. ಸಮುದ್ರದ ಗಾಳಿಗೆ ಹಂಗ ಆಗ್ತೈತಿ ಅಂತ ಯಾವ ವಿಡಿಯೋದಾಗೂ ಹೇಳಿದ್ದಿಲ್ಲ.

"ರೊಟ್ಟೆಲು ಮೆತ್ತಬಡ್ಡಾಯಂಡಿ" ಅಂದ ಅಪ್ಪ. ರೊಟ್ಟಿ ಮೆತ್ತಗಾಗ್ಯಾವ್ರಿ ಅಂತ.

ಅತ್ತಿ ಅವ್ವನ ಕಡೆ ಹೊಳ್ಳಿದ್ಲು. "ನಿನ್ನ ಗಂಡಗ ಹೇಳವ್ವ, ರೊಟ್ಟಿ ಮೆತ್ತಗರೆ ಆದ್ವು. ಕೆಲವೊಬ್ರು ಎಲ್ಲಿಗೆ ಹೋದ್ರೂ ಕಡಕ್ಕ ಇರ್ತಾರ."

ಅವ್ವ ಮಾರಿ ಮ್ಯಾಲ ಸೆರಗು ಇಟಗೊಂಡು ನಕ್ಕಳು. ಅಪ್ಪ ಮಾತ್ರ ಆ ಮೆತ್ತನ ರೊಟ್ಟೀನ ಹರದು ಹರದು ತಿಂದ, ಬಿಡಲಿಲ್ಲ.

ಹೊಳ್ಳೂ ಹಿಂದಿನ ದಿನ ಮಧ್ಯಾಹ್ನ ಸಮುದ್ರ ಭಾಳ ಹಿಂದ ಸರದಿತ್ತು. ನಾ ಅದಕ್ಕ ಕಾಯಾಕತ್ತಿದ್ದೆ. ನೀರು ಹೋದ ಜಾಗಾದಾಗ ಕಲ್ಲು, ಕಲ್ಲಿನ ನಡುವ ಸಣ್ಣ ಸಣ್ಣ ಹೊಂಡ, ಹೊಂಡದಾಗ ನೀಲಿ ಮೀನು. "ಬರ್ರಿ ಬರ್ರಿ, ಕೈ ಹಿಡಕೊಂಡ ಬರ್ರಿ, ಜಾರತೈತಿ" ಅಂತ ಎಲ್ಲಾರನ್ನೂ ಎಬ್ಬಿಸಿದೆ. ಅತ್ತಿ ಮಗಳು ಲಗೂನ ಅವ್ವನ ಕೈ ಹಿಡದ್ಲು. ಉಳದವರು ಇಬ್ರ. ಅಪ್ಪ ಒಂದು ಗಳಿಗಿ ನಿಂತ, ಆಮ್ಯಾಲೆ ಕೈ ಮುಂದ ಮಾಡಿದ. ಅತ್ತಿ ಹಿಡದ್ಲು.

ನಾ ಹಿಂದ ಇದ್ದೆ. ಅತ್ತಿ ಕಾಲು ಪಾಚಿ ಮ್ಯಾಲ ಸರದಿದ್ದ ತಡ, ಅಪ್ಪ, "ಅಕ್ಕಾ, ಹಗೂರ!" ಅಂದ.

ಕನ್ನಡ! ಅತ್ತಿ ಅಲ್ಲೇ ನಿಂತ್ಲು, ಅಪ್ಪನ ಮಾರಿ ನೋಡಲಿಲ್ಲ, ಹೊಂಡದಾಗಿನ ನೀರು ನೋಡಕೋತ ಅಂದ್ಲು, "ಅವತ್ತ ನಾವು ನಿನಗ ಕಾಯಬೇಕಿತ್ತೋ ತಮ್ಮಾ. ಮುಹೂರ್ತ ಹೋದ್ರ ಹೋಗ್ತಿತ್ತು."

ನಮ್ಮ ಅತ್ತಿ ಯಾರ ಮುಂದೂ ಬಗ್ಗಿದಾಕಿ ಅಲ್ಲ. ಹಿಂಗ ಅನ್ನಾಕ ಆಕಿ ಎಷ್ಟು ನುಂಗಿರಬೇಕು.

ಅಪ್ಪ ಹಿಡದ ಕೈ ಬಿಟ್ಟಿದ್ದಿಲ್ಲ. ಆಮ್ಯಾಲೆ ಅಂದ, "ಪರವಾಲೇದಂಡಿ."

ಪರವಾಗಿಲ್ರಿ. ಅಷ್ಟ. ಬಸ್ಸಿನ್ಯಾಗ ಯಾರರೆ ಕಾಲು ತುಳದು ಸಾರಿ ಅಂದ್ರ ಅಂತೀವಲ್ಲ, ಅದ ಮಾತು, ಅದ ದನಿ.

ಅತ್ತಿ ಕೈ ಬಿಡಿಸಿಕೊಂಡ್ಲು. ಜಗಳಾಡಲಿಲ್ಲ, ಅಳಲಿಲ್ಲ. ಸೀರಿ ಸ್ವಲ್ಪ ಮ್ಯಾಲ ಎತ್ತಿ ಹಿಡದು, ಒಬ್ಬಾಕಿನ, ಕಲ್ಲು ನೋಡಿ ನೋಡಿ ದಂಡಿಗೆ ಹೋದ್ಲು. ನಾ ತೋರಿಸಬೇಕು ಅಂತಿದ್ದ ನೀಲಿ ಮೀನು ಅಲ್ಲೇ ಅಪ್ಪನ ಕಾಲ ಹತ್ರ ತಿರಗಾಕತ್ತಿತ್ತು. ಅಪ್ಪ ಅದನ್ನ ನೋಡಕೋತ ನಿಂತ. ನೀರು ಹೊಳ್ಳಿ ಬರಾಕತ್ತಿತ್ತು, ನಾನ ಹೋಗಿ ಕರಕೊಂಡು ಬಂದೆ.

ಏರ್‌ಪೋರ್ಟಿನ್ಯಾಗ ಅತ್ತಿ ರೊಟ್ಟಿ ಡಬ್ಬಿ ಅವ್ವನ ಕೈಯಾಗ ಕೊಟ್ಲು. "ಹಂಚಿನ ಮ್ಯಾಲ ಕಾಸು, ಮತ್ತ ಕಡಕ್ ಆಗ್ತಾವ." ಅಲ್ಲಿಂದ ಎರಡು ಕ್ಯಾಬ್. ಒಂದು ಮಣಿಕೊಂಡಕ್ಕ, ಒಂದು ಸಿಕಂದರಾಬಾದಿಗೆ.

ಮನ್ಯಾಗ ಅಪ್ಪ ತಾನ ಹಂಚು ಇಟ್ಟ. ಎಂದೂ ಒಲಿ ಮುಂದ ನಿಲ್ಲದಾಂವ. ರೊಟ್ಟಿ ಕಾಸಿದ, ಒತ್ತಿದ, ತಿರಗಿ ಹಾಕಿದ. ಕಡಕ್ ಏನೋ ಆದ್ವು, ಆದ್ರ ಒಂಥರಾ ಚರ್ಮದಂಗ. ಅಗಿಕೋತ ನಡುವ ನನ್ನ ಕೇಳಿದ, "ಆಕಿ ಹಂಗ ಅಂದಾಗ ನಾ ಏನನ್ನಬೇಕಿತ್ತೋ?"

"'ಇರಲಿ ಬಿಡಕ್ಕ' ಅಂದಿದ್ರ ಸಾಕಿತ್ತಪಾ."

"ಅದನ್ನ ಅಂದೆ ನಾ." ಇನ್ನೊಂದು ತುಣುಕು ಮುರದು, "ಬಾಯಿಗೆ ತೆಲುಗ ಬಂತು ನೋಡು. ರೂಢಿ ಆಗೇತಿ."

ನಾ ಅಂದೆ, "ಈಗರೆ ಫೋನ್ ಹಚ್ಚು."

ಹಚ್ಚಿದ. ಸ್ಪೀಕರ್ ಹಾಕಿದ್ದ, ಕೈಯಾಗ ರೊಟ್ಟಿ ಇತ್ತಲ್ಲ. ಆ ಕಡಿಂದ ಅತ್ತಿ ದನಿ ಬಂತು, ಭಾಳ ಮೆತ್ತಗ, ಭಾಳ ಮರ್ಯಾದಿಲೆ. "ಚೆಪ್ಪಂಡಿ."

ಅಪ್ಪನ ಬಾಯಿ ತೆರದಿತ್ತು. 'ಅಕ್ಕಾ' ಅನ್ನೂದರ 'ಅ' ತುಟಿ ತನಾ ಬಂದಿತ್ತು, ನಾ ನೋಡೀನಿ.

"ರೊಟ್ಟೆಲು ಬಾಗುನ್ನಾಯಿ" ಅಂದ. ರೊಟ್ಟಿ ಚೊಲೊ ಅದಾವ ಅಂತ.

"ಸರೇ" ಅಂದ್ಲು ಅತ್ತಿ, ತೆಲುಗಿನ್ಯಾಗನ, ಫೋನ್ ಇಟ್ಲು. ಅಪ್ಪ ಹಂಚಿನ ಮ್ಯಾಲ ಇದ್ದ ಇನ್ನೊಂದು ರೊಟ್ಟಿ ತಿರಗಿ ಹಾಕಿದ.