ಕಪಿಲೆಯ ನೀರು, ಒಂದು ಹಿಡಿ ಕಲ್ಲುಪ್ಪು

ನಮ್ಮಕ್ಕನ ದೇವರಗೂಡಿನಲ್ಲಿ ಎಂಟು ವರ್ಷ ವಿರಾಜಮಾನವಾಗಿದ್ದ ಅರಬ್ಬೀ ಸಮುದ್ರವನ್ನು ತಯಾರಿಸಿದವನು ನಾನು. ತಯಾರಿಸಿದ ಸ್ಥಳ, ನಂಜನಗೂಡಿನ ನಮ್ಮ ಮನೆಯ ಅಡಿಗೆಕೋಣೆ. ಸಾಮಗ್ರಿ, ಒಂದು ಬಾಟಲಿ ಕಪಿಲೆಯ ನೀರು ಮತ್ತು ಒಂದು ಹಿಡಿ ಕಲ್ಲುಪ್ಪು. ಇಷ್ಟೇ ಆಗಿದ್ದರೆ ಇದನ್ನು ನಗುತ್ತಾ ಹೇಳಿ ಮುಗಿಸಬಹುದಿತ್ತು. ಆದರೆ ಈ ಉಪ್ಪಿನ ಹಿಂದೆ ಇನ್ನೊಂದು ಸುಳ್ಳಿದೆ — ಅದು ನಗುವಂಥದ್ದಲ್ಲ.

ಊರ ಹತ್ತಿರದ ತಾಂಡ್ಯದ ಕಾರ್ಖಾನೆಯೊಂದರಲ್ಲಿ ಸ್ಟೋರ್ ಕೀಪರ್ ಆಗಿದ್ದವನು ನಾನು. ನಿವೃತ್ತನಾದ ಮರುತಿಂಗಳೇ ನನಗೊಂದು ಮಹತ್ತರ ಸಂಕಲ್ಪ ಉಂಟಾಯಿತು: ಬೆನ್ನಿಗೆ ಚೀಲ ಏರಿಸಿ, ಗೋಕರ್ಣದಿಂದ ಕಡಲ ದಂಡೆ ಹಿಡಿದು, ಕಾಲು ಹೋದಷ್ಟು ದೂರ ನಡೆಯುವುದು. ಇದಕ್ಕೆ ಬ್ಯಾಕ್‌ಪ್ಯಾಕಿಂಗ್ ಅನ್ನುತ್ತಾರೆಂದು ಮಗಳು ತಿಳಿಸಿದಳು. ಹೆಂಡತಿ ಬೇರೆ ಹೆಸರು ಹೇಳಿದಳು.

ಹೊರಡುವ ಮುಂಚೆ ಬನ್ನೂರಿಗೆ ಹೋಗಿ ಅಕ್ಕನಿಗೆ ವಿಷಯ ತಿಳಿಸಿದೆ. ಅಕ್ಕ ನಾಗರತ್ನ ನನಗಿಂತ ನಾಲ್ಕು ವರ್ಷ ದೊಡ್ಡವಳು. ಮಗ ಸೊಸೆಯರ ಜೊತೆ ಅಲ್ಲೇ ಇದ್ದಾಳೆ. ಕೇಳಿದ್ದೇ ತಡ, ಅವಳ ಮುಖ ಅರಳಿತು.

"ನಾನೂ ಬತ್ತೀನಿ ಕಣೋ. ಸಮುದ್ರ ಅನ್ನೋದ್ನ ಒಂದ್ಸಲಾನೂ ನೋಡಿಲ್ಲ."

"ಅಲ್ಲಿಗೆ ಎಂಗಸ್ರು ಓಗೋ ಅಂಗಿಲ್ಲ ಕಣಕ್ಕ. ಬರೀ ಬಂಡೆ, ಕಾಡು. ಮೊಸ್ಳೆ ಬ್ಯಾರೆ ಅವೆ."

"ಉಪ್ಪುನೀರ್ನಾಗೂ ಮೊಸ್ಳೆನಾ?"

"ಉಪ್ಪುನೀರಲ್ಲೇ ಜಾಸ್ತಿ."

ಮೊಸಳೆ ಇರುವುದು ನಮ್ಮ ಕಾವೇರಿಯಲ್ಲಿ. ಅಕ್ಕ ಆ ಹೊಳೆಯ ಪಕ್ಕದಲ್ಲೇ ಬಾಳಿದವಳು. ಆದರೂ ತಮ್ಮನ ಮಾತು ನಂಬಿದಳು. "ಸರಿ ಬುಡು, ನೀನಾರ ಓಗ್ಬಾ. ನಂಗೊಂದು ಬಾಟ್ಲಿ ಸಮುದ್ರದ ನೀರು ತಕಂಬಾ," ಅಂದಳು.

ಆರು ದಿನ ನಡೆದೆ. ಆ ಸುಖವನ್ನು ಇವತ್ತೂ ಅಲ್ಲಗಳೆಯಲಾರೆ. ಬೆಳಗಿನ ಒದ್ದೆ ಮರಳಿನಲ್ಲಿ ಏಡಿಗಳು ನನ್ನನ್ನು ಕಂಡೊಡನೆ, ಮೇಲಧಿಕಾರಿ ಬಂದಂತೆ, ತಂತಮ್ಮ ಬಿಲ ಸೇರುತ್ತಿದ್ದವು — ಸೇವಾವಧಿಯಲ್ಲಿ ಯಾರೂ ನನಗೆ ಅಷ್ಟು ಹೆದರಿದ್ದಿಲ್ಲ. ಮುಸುವ ಕೋತಿಯೊಂದು ನನ್ನ ಬಾಳೆಹಣ್ಣನ್ನು ಜಪ್ತಿ ಮಾಡಿ, ಸಿಪ್ಪೆಯನ್ನು ಮಾತ್ರ ಹಿಂದಿರುಗಿಸಿತು. ತಲೆಯ ಮೇಲೆ ಕಡಲ ಹದ್ದು ಸುತ್ತುತ್ತಿತ್ತು.

ಮೂರನೆಯ ದಿನ ಒಂದು ದಂಡೆಯಿಂದ ಇನ್ನೊಂದಕ್ಕೆ ಬಂಡೆ ದಾಟುವಾಗ ಕಾಲು ಜಾರಿತು. ಮೇಲಿನಿಂದ ಒಂದು ಕೈ ಬಂತು — ಬಳೆ ತೊಟ್ಟ ಕೈ.

"ಹುಷಾರ್ರೀ ಅಣ್ಣಾರ. ಕೈ ಕೊಡ್ರಿ."

ಹುಬ್ಬಳ್ಳಿಯ ಇಬ್ಬರು ಹೆಂಗಸರು. ತಲೆ ಪೂರ್ತಿ ಬೆಳ್ಳಗೆ, ಸೀರೆ ಎತ್ತಿ ಕಟ್ಟಿದ್ದರು, ಬೆನ್ನಿಗೆ ನನ್ನದಕ್ಕಿಂತ ದೊಡ್ಡ ಚೀಲ. ನಮ್ಮಕ್ಕನಿಗಿಂತ ಹಿರಿಯರೇ ಇರಬೇಕು. ನನ್ನನ್ನು ಮೇಲೆಳೆದು ಕೂರಿಸಿ, ಅಗೋ ಅಲ್ಲಿ ಎಂದು ತೋರಿಸಿದರು. ದೂರದಲ್ಲಿ ಡಾಲ್ಫಿನ್‌ಗಳು, ನಾಲ್ಕೋ ಐದೋ, ನೀರಿನಿಂದ ಬೆನ್ನೆತ್ತಿ ಮತ್ತೆ ಮುಳುಗುತ್ತಿದ್ದವು. ಅವರಿಬ್ಬರೂ ಶಾಲೆ ಹುಡುಗಿಯರ ಹಾಗೆ ಚಪ್ಪಾಳೆ ತಟ್ಟಿ ಕೂಗಿದರು. ನಾನೂ ನೋಡಿದೆ, ನಕ್ಕೆ — ಆಗಲೇ ಅಕ್ಕ ನೆನಪಾದಳು. ನೆನಪಾದದ್ದನ್ನು ಅಲ್ಲೇ ಬಿಟ್ಟು ಎದ್ದು ನಡೆದೆ.

ಅಕ್ಕನನ್ನು ಯಾಕೆ ಕರೆದೊಯ್ಯಲಿಲ್ಲ? ಅವಳು ಬಂದಿದ್ದರೆ ನಾನು ಮತ್ತೆ ತಮ್ಮನಾಗಿಬಿಡುತ್ತಿದ್ದೆ. ಉಂಡೆಯಾ, ತಲೆ ಒರೆಸಿಕೊಂಡೆಯಾ, ಬಿಸಿಲಲ್ಲಿ ನಿಲ್ಲಬೇಡ... ಆರು ದಿನ ಯಾರ ತಮ್ಮನೂ, ಗಂಡನೂ, ಅಪ್ಪನೂ ಆಗದೆ ಇರಬೇಕೆಂಬ ಆಸೆ ನನಗೆ. ಆಸೆ ತಪ್ಪಲ್ಲ. "ಒಬ್ನೇ ಓಗ್ತೀನಿ ಕಣಕ್ಕ" ಎಂದು ಹೇಳಬಹುದಿತ್ತು. ಅದರ ಬದಲು ಸಮುದ್ರದ ಬಾಗಿಲಿಗೇ ಬೀಗ ಹಾಕಿ ಬಂದೆ.

ನೀರಿನ ವಿಚಾರ ಜ್ಞಾಪಕಕ್ಕೆ ಬಂದದ್ದು ವಾಪಸ್ಸು ಬರುವಾಗ ಮೈಸೂರು ಬಸ್ ಸ್ಟ್ಯಾಂಡಿನಲ್ಲಿ. ಮಾರನೆಯ ದಿನ ನಮ್ಮೂರ ಕಪಿಲಾ ಹೊಳೆಯ ಸ್ನಾನಘಟ್ಟದಲ್ಲಿ ಬಾಟಲಿ ತುಂಬಿಸಿದೆ. ಮನೆಯಲ್ಲಿ ಉಪ್ಪು ಹಾಕುತ್ತಾ, ರುಚಿ ನೋಡುತ್ತಾ, ಮುಖ ಸಿಂಡರಿಸುವಂತಾದಾಗ ನಿಲ್ಲಿಸಿದೆ. ಶೂ ಕೊಡವಿದಾಗ ಬಿದ್ದ ಮರಳನ್ನೂ ಒಂದು ಚಿಟಿಕೆ ಸೇರಿಸಿದೆ. ಆ ಬಾಟಲಿಯಲ್ಲಿ ಅಸಲಿ ಅಂತ ಇದ್ದದ್ದು ಅದೊಂದೇ.

ಅಕ್ಕ ಅದನ್ನು ಕಣ್ಣಿಗೊತ್ತಿಕೊಂಡಳು. ನಾಲಿಗೆಗೆ ಒಂದು ಹನಿ ಬಿಟ್ಟುಕೊಂಡು, "ಅಬ್ಬಬ್ಬಾ, ಏನ್ ಉಪ್ಪು! ಇನ್ನು ನೋಡ್ದಂಗೇ ಆಯ್ತು ಬುಡು," ಅಂದಳು. ಆ ಮಾತಿನಿಂದ ನನಗೆ ಸಮಾಧಾನವಾಯಿತು ಎಂಬುದನ್ನೂ ಇಲ್ಲಿ ಬರೆದಿಡಬೇಕು.

ನಾನಾಗಿಯೇ ತಪ್ಪೊಪ್ಪಿಕೊಂಡೆ ಎಂದು ಬರೆಯಲು ಆಸೆ. ಹಾಗಾಗಲಿಲ್ಲ. ಹೋದ ತಿಂಗಳು ಅಕ್ಕನ ಮರಿಮಗುವಿಗೆ ಹೆಸರಿಟ್ಟರು. ಅಕ್ಕ ಒಂದು ಹನಿ ಸಮುದ್ರವನ್ನು ಕೂಸಿನ ತುಟಿಗೆ ಸವರಲು ಬಾಟಲಿ ತಂದಳು. ಎಂಟು ವರ್ಷದ ನೀರು! ಕಿತ್ತುಕೊಂಡೆ.

"ಅಕ್ಕ, ಇದು ಸಮುದ್ರ ಅಲ್ಲ. ಕಪಿಲೆ. ಉಪ್ಪು ಆಕಿದ್ದೆ."

ಅಕ್ಕ ಒಂದು ಕ್ಷಣ ಬೆರಗಾದಳು. ಆಮೇಲೆ ಸೆರಗು ಬಾಯಿಗಿಟ್ಟು ನಗತೊಡಗಿದಳು. "ಅಯ್ಯೋ ನಿನ್ ಮನೆ ಕಾಯೋಗ! ಎಂಟು ವರ್ಸ ನಿನ್ ಅಡ್ಗೆಗೆ ಊದ್ಗಡ್ಡಿ ಅಚ್ಚಿದ್ನಲ್ಲೋ!" ಬಂದ ನೆಂಟರೆಲ್ಲ ನಕ್ಕರು.

ಆ ನಗುವಿನ ಧೈರ್ಯದಲ್ಲಿ, ಊಟ ಮುಗಿದು ಇಬ್ಬರೇ ಕೂತಿದ್ದಾಗ ಉಳಿದದ್ದನ್ನೂ ಹೇಳಿದೆ — ಮೊಸಳೆ ಇರಲಿಲ್ಲ, ಹೆಂಗಸರು ಬರುತ್ತಾರೆ, ನಿನಗಿಂತ ದೊಡ್ಡವರು ನನ್ನ ಕೈ ಹಿಡಿದು ಬಂಡೆ ಹತ್ತಿಸಿದರು ಎಂದು.

ಅಕ್ಕ ನಗಲಿಲ್ಲ. ಕೈಯಲ್ಲಿದ್ದ ವೀಳ್ಯದೆಲೆಯ ನಾರು ತೆಗೆದು, ಸುಣ್ಣ ಹಚ್ಚದೆ ತಟ್ಟೆಗೆ ಹಾಕಿದಳು.

"ಆಗ ನಂಗೆ ಮಂಡಿ ನೋವಿರ್ನಿಲ್ಲ ಕಣೋ," ಅಂದಳು.

ಸಮುದ್ರಕ್ಕೆ ಬತ್ತೀಯಾ ಎಂದು ಹೊರಡುವ ಮುಂಚೆ ನಾನೇ ಕೇಳಿದೆ.

ಮುಂದಿನ ತಿಂಗಳು ಇಬ್ಬರೂ ಗೋಕರ್ಣಕ್ಕೆ ಹೊರಟಿದ್ದೇವೆ. ಎರಡು ಚೀಲವೂ ನನ್ನ ಬೆನ್ನಿಗೆ. ಎಲ್ಲಿ ಕೂರಬೇಕು, ಎಷ್ಟು ಹೊತ್ತು ಎಂಬುದೆಲ್ಲ ಅಕ್ಕನ ಇಷ್ಟ. "ತಲೆ ಒರೆಸ್ಕೊಳಕ್ಕೆ ಟವಲ್ ಮಡಗ್ಕೋ" ಎಂದು ಈಗಾಗಲೇ ಎರಡು ಸಲ ಫೋನ್ ಬಂದಿದೆ. ಸಂತೋಷವಾಗಿ ಮಡಗಿಕೊಂಡಿದ್ದೇನೆ. ಮೊದಲ ದಂಡೆಗೆ ಆಟೋ ಹೋಗುತ್ತದೆ. ಆಚೆಯವಕ್ಕೆ ದೋಣಿ ಇದೆಯಂತೆ, ಅದರಲ್ಲಿ ಕೂರಿಸಿ ತೋರಿಸಬಲ್ಲೆ. ಆದರೆ ಬಂಡೆ ಹತ್ತಿ, ತುದಿಯಲ್ಲಿ ನಿಂತು, ತನ್ನ ಕಾಲ ಮೇಲೇ ಆ ಕಡೆ ಇಳಿಯುವುದಿತ್ತಲ್ಲ — ಅದನ್ನು ಅಕ್ಕನಿಗೆ ನಾನು ಇನ್ನು ತಂದುಕೊಡಲಾರೆ.