ಅರೆತಲೆನೋವು ಮತ್ತು ಒಂದು ಚೆಂಡು ಮಲ್ಲಿಗೆ

ನಾನು ಸಿಟಿ ಬಸ್ಸುಗಳ ಚೆಕಿಂಗ್ ಇನ್‌ಸ್ಪೆಕ್ಟರ್. ಸಂಶಯಪಡುವುದಕ್ಕೇ ನನಗೆ ಸಂಬಳ. ನಾನು ಬಸ್ಸು ಹತ್ತಿದ ಕೂಡಲೇ ಯಾರು ಕಿಟಕಿಯಾಚೆ ಬಹಳ ಆಸಕ್ತಿಯಿಂದ ನೋಡತೊಡಗುತ್ತಾರೋ ಅವರ ಬಳಿ ಟಿಕೆಟ್ ಇರುವುದಿಲ್ಲ. ಕೇಳುವ ಮೊದಲೇ ಟಿಕೆಟ್ ಎತ್ತಿ ಹಿಡಿದವರು ಇಳಿಯಬೇಕಾದ ಸ್ಟಾಪು ಆಗಲೇ ದಾಟಿರುತ್ತದೆ. ಹದಿನೆಂಟು ವರ್ಷ ಇದನ್ನೇ ಮಾಡಿದವನು ತಲೆನೋವು ಬಂದರೆ ಏನು ಮಾಡುತ್ತಾನೆ? ಕಳ್ಳನನ್ನು ಹುಡುಕುತ್ತಾನೆ.

ಮೊದಲು ಎಡಗಣ್ಣಿನ ಅಂಚಿನಲ್ಲಿ ಒಂದು ಬೆಳಕಿನ ಗೆರೆ ಅಂಕುಡೊಂಕಾಗಿ ಮಿನುಗುತ್ತಿತ್ತು. ಅರ್ಧ ಗಂಟೆಯಲ್ಲಿ ತಲೆಯ ಎಡಭಾಗ ಮಾತ್ರ ಡಬಡಬ ಹೊಡೆದುಕೊಳ್ಳಲು ಶುರು. ಆಮೇಲೆ ವಾಂತಿ. ಕಂಡಕ್ಟರನ ಸೀಟಿ ಕಿವಿಯೊಳಗೆ ಮೊಳೆ ಹೊಡೆದ ಹಾಗೆ ಆಗುತ್ತಿತ್ತು. ಪಡೀಲಿನ ಮನೆಗೆ ಬಂದು ಬಾಗಿಲು, ಕಿಟಕಿ ಹಾಕಿ ಕತ್ತಲಲ್ಲಿ ಬಿದ್ದುಕೊಂಡರೆ ಮರುದಿನಕ್ಕೆ ತುಸು ಮನುಷ್ಯನಾಗುತ್ತಿದ್ದೆ. ಅಮ್ಮನಿಗೂ ಇದು ಇತ್ತು. ಅರೆತಲೆನೋವು ಎಂದು ಜಾಯಿಕಾಯಿ ತೇದು ಹಣೆಗೆ ಹಚ್ಚಿಕೊಂಡು ಅವರು ಅಡುಗೆ ಮಾಡುತ್ತಿದ್ದರು. ನಾನು ಮಾತ್ರೆ ನುಂಗುತ್ತಿದ್ದೆ.

ಮೊದಲ ಸಂಶಯ ಕನ್ನಡಕದ ಮೇಲೆ ಹೋಯಿತು, ಬದಲಾಯಿಸಿದೆ. ಆಮೇಲೆ ಬಂಗುಡೆಯ ಮೇಲೆ. ಎರಡು ತಿಂಗಳು ಮೀನು ಬಿಟ್ಟು ಮನೆಯವರೆಲ್ಲರ ಮೇಲೆ ರೇಗಾಡಿದೆ. ಒಂದು ಸಂಜೆ ಹೆಂಡತಿ ಚಹಾ ಕೊಡಲು ಬಗ್ಗಿದಾಗ ಅವಳ ಜಡೆಯ ಮಲ್ಲಿಗೆ ಮೂಗಿಗೆ ಬಡಿಯಿತು. ಹತ್ತು ನಿಮಿಷದಲ್ಲಿ ಕಣ್ಣಂಚಿನಲ್ಲಿ ಗೆರೆ ಮಿನುಗಿತು. ಸಿಕ್ಕಿತಲ್ಲ ಎಂದುಕೊಂಡೆ. ನಿಜ ಹೇಳಬೇಕೆಂದರೆ ಆ ನೋವಿನಲ್ಲೂ ನನಗೆ ಖುಷಿಯಾಗಿತ್ತು.

ಮದುವೆಯಾದಂದಿನಿಂದ ಅವಳು ಬಾಳೆಲೆಯಲ್ಲಿ ಸುತ್ತಿ ಮಾರುವ ಮಲ್ಲಿಗೆಯನ್ನು ದಿನಕ್ಕೊಂದು ಚೆಂಡು ತಪ್ಪಿಸಿದವಳಲ್ಲ. ಮಳೆಗಾಲದಲ್ಲಿ ಹೂವು ಸಿಗದಿದ್ದರೆ ಮುಖ ಸಣ್ಣದು ಮಾಡಿಕೊಳ್ಳುತ್ತಿದ್ದಳು. ನಾಳೆಯಿಂದ ಹೂವು ಬೇಡ ಎಂದು ನಾನು ಹೇಳಿದಾಗ ಜಡೆಯಿಂದ ತೆಗೆದು ಹಿತ್ತಲಿಗೆ ಹಾಕಿ ಬಂದಳು. ಅಕ್ಕಪಕ್ಕದ ಹೆಂಗಸರು ಗಂಡಹೆಂಡಿರಲ್ಲಿ ಏನೋ ಸರಿಯಿಲ್ಲ ಎಂದು ಮಾತಾಡಿಕೊಂಡರು. ಅವಳ ತವರಿನಿಂದ ಫೋನೂ ಬಂತು. ನಾನು ಜಗ್ಗಲಿಲ್ಲ.

ಆದರೆ ತಲೆನೋವು ಕಡಿಮೆಯಾಗಲಿಲ್ಲ. ತಿಂಗಳಿಗೆ ನಾಲ್ಕು ಸಲ ಇದ್ದದ್ದು ಹೆಚ್ಚುಕಡಿಮೆ ದಿನಾ ಆಯಿತು. ಬೆಳಿಗ್ಗೆ ಏಳುವಾಗಲೇ ತಲೆ ಭಾರ. ಹಾಗಾದರೆ ಅವಳು ಕದ್ದು ಮುಡಿಯುತ್ತಿದ್ದಾಳೆ, ಬೇರೆ ಕಾರಣವೇ ಇಲ್ಲ ಎಂದು ತೀರ್ಮಾನಿಸಿದೆ. ಅವಳ ದಿಂಬನ್ನು ಮೂಸಿ ನೋಡಿದೆ. ಫ್ರಿಜ್ಜಿನಲ್ಲಿ ಬಾಳೆಲೆಯ ಕಟ್ಟು ಕಂಡರೆ ಬಿಚ್ಚಿ ನೋಡಿದೆ. ಒಳಗೆ ಬಸಳೆ ಇತ್ತು. ಅವಳು ನೋಡಿಯೂ ನೋಡದವಳ ಹಾಗೆ ಇದ್ದಳು. ಅದೂ ನನಗೆ ಸಂಶಯವೇ.

ಅವಳು ಕೆಲಸ ಮಾಡುವುದು ತೊಕ್ಕೊಟ್ಟಿನ ಒಂದು ಬಟ್ಟೆ ಅಂಗಡಿಯಲ್ಲಿ. ಒಂದು ಸಂಜೆ ಅವಳು ಬರುವ ಬಸ್ಸನ್ನೇ ಗೊತ್ತುಮಾಡಿಕೊಂಡು, ಸೇತುವೆ ದಾಟಿದ ಮೇಲೆ ಹಿಂದಿನ ಬಾಗಿಲಿನಿಂದ ಹತ್ತಿದೆ. ಮುಂದುಗಡೆಯ ಸೀಟಿನಲ್ಲಿ ಅವಳ ಬೆನ್ನು, ಜಡೆಯಲ್ಲಿ ಇಷ್ಟುದ್ದ ಮಲ್ಲಿಗೆ. ಟಿಕೆಟ್ ನೋಡುತ್ತಾ ನಿಧಾನ ಮುಂದೆ ಹೋದೆ. ಅವಳು ಇಳಿಯಬೇಕಾದ ಪಂಪ್‌ವೆಲ್ ಹತ್ತಿರವಾಗುತ್ತಿದ್ದಂತೆ ಅವಳು ಪಿನ್ ತೆಗೆದು, ಹೂವು ಬಿಡಿಸಿ ಪಕ್ಕದ ಹೆಂಗಸಿನ ಕೈಗೆ ಕೊಟ್ಟು, ಕರ್ಚೀಫಿನಿಂದ ಕೂದಲು ಒರೆಸಿಕೊಂಡಳು.

ಟಿಕೆಟ್ ಎಂದೆ. ಅವಳು ನನ್ನ ಮುಖ ನೋಡಿ ಟಿಕೆಟ್ ಚಾಚಿದಳು. ನಾನು ಯಾರೆಂದು ತಿಳಿಯದ ಪಕ್ಕದ ಹೆಂಗಸು ಹೂವು ಮುಡಿಯುತ್ತಾ ನಗುತ್ತಾ ನನಗೇ ಹೇಳಿದಳು: "ಇವರು ದಿನಾ ನನಗೇ ಕೊಡುವುದು. ಮನೆಯಲ್ಲಿ ಯಜಮಾನ್ರಿಗೆ ಆಗುವುದಿಲ್ಲವಂತೆ, ಪಾಪ."

ಮನೆಯಲ್ಲಿ ನಾನು ಬಾಯಿಗೆ ಬಂದ ಹಾಗೆ ಕೂಗಾಡಿದೆ. ಅವಳು ಒಳಗೆ ಹೋಗಿ ಒಂದು ಬಿಸ್ಕತ್ತಿನ ಡಬ್ಬಿ ತಂದು ನನ್ನೆದುರು ಸುರಿದಳು. ಎಲ್ಲವೂ ಮಾತ್ರೆಯ ಖಾಲಿ ಪಟ್ಟಿಗಳು. ಬಟ್ಟೆ ಒಗೆಯುವಾಗ ನನ್ನ ಅಂಗಿಯ ಕಿಸೆಯಲ್ಲಿ ಸಿಕ್ಕಿದ್ದನ್ನು ತೆಗೆದಿಟ್ಟಿದ್ದಳು.

"ನಾನು ಮಾಡಿದ್ದು ಇಷ್ಟೇ, ಬಸ್ಸಿನಲ್ಲಿ ಅರ್ಧ ಗಂಟೆ ಹೂವು ಮುಡಿದದ್ದು. ನೀವು ಎಂತ ಮಾಡಿದ್ದೀರಿ ಅಂತ ಇದರಲ್ಲಿ ಉಂಟು. ಇದನ್ನು ಚೆಕ್ ಮಾಡಿ."

ಮರುವಾರ ಅವಳೇ ನನ್ನನ್ನು ನರರೋಗದ ಡಾಕ್ಟರರ ಬಳಿಗೆ ಎಳೆದುಕೊಂಡು ಹೋದಳು, ಡಬ್ಬಿಯ ಸಮೇತ. ಡಾಕ್ಟರರು ಬೆಳಕಿನ ಗೆರೆಯ ವಿಷಯ ಕೇಳಿ, ಕಣ್ಣಿಗೆ ಟಾರ್ಚು ಬಿಟ್ಟು, ಇದು ಮೈಗ್ರೇನ್ ಎಂದರು. ವಾರಕ್ಕೊಮ್ಮೆ ಬರುತ್ತಿದ್ದುದನ್ನು ದಿನನಿತ್ಯದ್ದು ಮಾಡಿದ್ದು ಲೆಕ್ಕವಿಲ್ಲದೆ ನುಂಗಿದ ನೋವಿನ ಮಾತ್ರೆಗಳೇ ಎಂದರು. ಮಲ್ಲಿಗೆ ಎಂದು ನಾನು ಬಾಯಿ ಹಾಕಿದೆ. ಕೆಲವರಿಗೆ ವಾಸನೆಯಿಂದಲೂ ಶುರುವಾಗುವುದುಂಟು, ಆದರೆ ಬಹಳ ಸಲ ತಲೆನೋವು ಒಳಗೊಳಗೇ ಹೊರಟ ಮೇಲೆ ವಾಸನೆ ತಡೆಯಲಾಗುವುದಿಲ್ಲ, ವಾಸನೆಯಿಂದಲೇ ಬಂತೆಂದು ನಮಗೆ ಅನಿಸುತ್ತದೆ ಎಂದರು. ಮನೆಯಲ್ಲಿ ಎರಡು ತಿಂಗಳು ಹೂವಿಲ್ಲದೆಯೂ ಬಂತಲ್ಲ ಎಂದೂ ಕೇಳಿದರು.

ಹಳೆಯ ಮಾತ್ರೆ ನಿಲ್ಲಿಸಿದ ಮೊದಲ ಹತ್ತು ದಿನ ಗೋಡೆಗೆ ತಲೆ ಚಚ್ಚಿಕೊಳ್ಳುವಂತಿತ್ತು. ಡಾಕ್ಟರರೂ ಅವಳೂ ಸೇರಿ ನನ್ನ ಮೇಲೆ ಸೇಡು ತೀರಿಸಿಕೊಳ್ಳುತ್ತಿದ್ದಾರೆಂದು ಗುಮಾನಿಯಾಯಿತು. ಆದರೂ ಹೊತ್ತಿಗೆ ಸರಿಯಾಗಿ ಉಂಡೆ, ಮಲಗಿದೆ. ಬರೆದುಕೊಟ್ಟ ಔಷಧಿಯನ್ನು ನೋವು ಶುರುವಾಗುತ್ತಿದ್ದಂತೆ ತೆಗೆದುಕೊಂಡೆ, ಅದೂ ವಾರಕ್ಕೆ ಎರಡು ದಿನ ಮೀರದಂತೆ. ನೋವು ಬಂದ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿದೆ. ಮೂರನೆಯ ತಿಂಗಳಲ್ಲಿ ಎರಡೇ ಗುರುತುಗಳಿದ್ದವು.

ಆ ತಿಂಗಳ ಕೊನೆಗೆ ನಾನೇ ಒಂದು ಚೆಂಡು ಮಲ್ಲಿಗೆ ತಂದು ಅವಳ ಕೈಗೆ ಕೊಟ್ಟು, ನನ್ನದು ತಪ್ಪಾಯಿತು, ಇನ್ನು ಮನೆಯಲ್ಲೇ ಮುಡಿ ಎಂದೆ. ಅವಳು ಬಾಳೆಲೆ ಬಿಚ್ಚಿ, ಮೂಸಿ, ಅದನ್ನು ದೇವರ ಪಟಕ್ಕೆ ಹಾಕಿದಳು.

"ನನಗೆ ಬಸ್ಸಿನಲ್ಲೇ ಸಾಕು," ಎಂದಳು. "ಇಲ್ಲಿ ಮುಡಿದರೆ, ತಲೆನೋವು ಬಂದ ದಿನ ನೀವು ಮೊದಲು ನನ್ನ ಜಡೆಯನ್ನೇ ನೋಡ್ತೀರಿ."

ಹಾಗೆಲ್ಲ ಇಲ್ಲ ಎನ್ನಲು ಬಾಯಿ ತೆರೆದೆ. ಆದರೆ ಹಿಂದಿನ ವಾರ ಕಣ್ಣಂಚಿನಲ್ಲಿ ಗೆರೆ ಮಿನುಗಿದಾಗ ಔಷಧಿಗೆ ಕೈ ಚಾಚುವ ಮೊದಲು ನಾನು ತಿರುಗಿ ನೋಡಿದ್ದು ಅವಳ ಬರಿಯ ಜಡೆಯನ್ನೇ. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅವಳು ಅಷ್ಟರಲ್ಲಿ ತಿರುಗಿ ಅದನ್ನು ಕಂಡಿದ್ದಳು.